ಧೂಳಿನ ತೂಕ ಒಂದೇ ಸಾಕಾ?

ಸಂಪಾದಕರೇ,

ಕಲಬುರಗಿಯ ಗಾಳಿ ಕೆಟ್ಟಿದೆ ಎಂದು ನಿಮ್ಮ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ಪಿಎಂ 10 ಇಷ್ಟು, ಪಿಎಂ 2.5 ಇಷ್ಟು ಅಂತ. ಅಂದರೆ ಗಾಳಿಯಲ್ಲಿರುವ ಸಣ್ಣ, ಅತಿ ಸಣ್ಣ ಕಣಗಳ ತೂಕ. ನಾನು ಇಲ್ಲಿ ಸೋಲಾರ್ ಪ್ಲೇಟ್ ಕೂಡಿಸುವ ಮಿಸ್ತ್ರಿ. ದಿನಾ ಯಾರದಾದರೂ ಮಾಳಿಗೆ ಮೇಲೆ ಇರುತ್ತೇನೆ. ಧೂಳು ಒರೆಸೋದೇ ಅರ್ಧ ಕೆಲಸ. ಹಾಗಾಗಿ ಧೂಳಿನ ಬಗ್ಗೆ ಎರಡು ಮಾತು ಬರೆಯುತ್ತಿದ್ದೇನೆ.

ಧೂಳು ಎಲ್ಲ ಒಂದೇ ಅಲ್ಲ. ಜೇವರ್ಗಿ ಕಡೆ ಹೊಲದ ಪಂಪ್‌ಸೆಟ್ ಪ್ಲೇಟಿನ ಮೇಲೆ ಕೂರೋದು ಎರೆ ಮಣ್ಣು. ನೀರು ತಾಗಿದರೆ ಬಟ್ಟೆಗೆ ಮೆತ್ತಿಕೊಂಡು ಬಿಡೋದೇ ಇಲ್ಲ. ಶಹಾಬಾದ ಕಡೆ ಫರಸಿ ಕಲ್ಲು ಕೊಯ್ದ ಬಿಳಿ ಪುಡಿ. ಸಿಮೆಂಟ್ ಧೂಳಿನ ಮೇಲೆ ಇಬ್ಬನಿ ಬಿತ್ತೋ, ಗಾಜಿನ ಮೇಲೆ ಪೊರೆ ಕಟ್ಟಿತು ಅಂತಲೇ ಲೆಕ್ಕ. ಉಗುರಿನಿಂದ ಕೆರೆಯಬೇಕು. ಊರೊಳಗಿನ ದೊಡ್ಡ ರಸ್ತೆ ಪಕ್ಕದ್ದು ಜಿಡ್ಡು, ಬೆರಳು ಕಪ್ಪಾಗುತ್ತದೆ.

ಹೋದ ಬೇಸಿಗೆಯಲ್ಲಿ ಒಬ್ಬ ಗಿರಾಕಿ ಫೋನ್ ಮಾಡಿದರು. ಅವರದು 3 ಕಿಲೋವ್ಯಾಟಿನ ಸೋಲಾರ್. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ 12 ಯೂನಿಟ್ ಬರಬೇಕು, ಎರಡು ದಿನದಿಂದ 9 ಬರುತ್ತಿತ್ತು. 'ಏನ್ರೀ ಮಿಸ್ತ್ರಿ, ಡೂಪ್ಲಿಕೇಟ್ ಪ್ಲೇಟ್ ಹಾಕೀರೇನು?' ಅಂದರು. ಪ್ಲೇಟ್ ಮಾಡಿದ ಕಂಪನಿಯವರಿಗೆ ಫೋನ್ ಹಚ್ಚಿದರೆ 'ತೊಳೀರಿ, ಸರಿ ಹೋಗ್ತದ' ಎಂದು ಇಟ್ಟುಬಿಟ್ಟರು. ಬೆಳಿಗ್ಗೆ ಐದಕ್ಕೇ ಹೋಗಿ ಎರಡು ಸಲ ತೊಳೆದೆ. ಸಂಜೆ ನೋಡಿದರೆ ಮತ್ತೆ 9!

ಮೋಡ ಒಂದೂ ಇರಲಿಲ್ಲ. ಆದರೆ ಆಕಾಶ ನೀಲಿ ಇರಲಿಲ್ಲ, ಚಹಾದ ಹಾಲು ಚೆಲ್ಲಿದ ಹಾಗೆ ಇತ್ತು. ನೀರಿನ ಟ್ಯಾಂಕ್ ಸೂರ್ಯನಿಗೆ ಅಡ್ಡ ಬರುವ ಹಾಗೆ ನಿಂತು ನೋಡಿದೆ. ಟ್ಯಾಂಕಿನ ಸುತ್ತ ಅಗಲವಾಗಿ ಬೆಳ್ಳನೆಯ ಝಳ. ನನ್ನ ಕೈಯ ನೆರಳು ತೆಳ್ಳಗೆ, ಬೆರಳುಗಳು ಗುರುತು ಸಿಗದಷ್ಟು ಮಬ್ಬು. ನಟ್ಟನಡು ಮಧ್ಯಾಹ್ನ, ಕಲಬುರಗಿ ಬಿಸಿಲಿನಲ್ಲಿ!

ತಂಗಿಯ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳು ಕೇಳಿ ನಕ್ಕಳು. 'ಮಾಮಾ, ಧೂಳು ನಿನ್ನ ಗಾಜಿನ ಮೇಲಿಲ್ಲ, ಆಕಾಶದಾಗ ಅದ. ಅದನ್ನ ಹ್ಯಾಂಗ್ ತೊಳೀತಿ?'

ಬೇಸಿಗೆಯಲ್ಲಿ ಥಾರ್ ಮರಳುಗಾಡಿನಿಂದ, ಅರಬ್ ದೇಶಗಳ ಕಡೆಯಿಂದ ಧೂಳು ಎದ್ದು ಬರುತ್ತದಂತೆ. ದಪ್ಪ ಕಣ ದಾರಿಯಲ್ಲೇ ಬೀಳುತ್ತದೆ, ಸಣ್ಣದು ಸಮುದ್ರ ದಾಟುತ್ತದೆ. 2022ರ ಜನವರಿಯಲ್ಲಿ ಮುಂಬೈನಲ್ಲಿ ಕಾರುಗಳ ಮೇಲೆ ಬೆಳ್ಳಗೆ ಪುಡಿ ಬಿದ್ದಿದ್ದು ನೆನಪಿದೆ ಅಲ್ವಾ? ಅದು ಪಾಕಿಸ್ತಾನದ ಕಡೆಯಿಂದ ಬಂದಿತ್ತು.

ಈ ಧೂಳನ್ನು ಹಿಡಿಯದೆಯೇ ಅಳೆಯುವ ಉಪಕರಣವೊಂದಿದೆ, ಸನ್ ಫೋಟೋಮೀಟರ್. ಒಂದು ಕೊಳವೆ ಸೂರ್ಯನ ಕಡೆ ತಿರುಗಿ, ಬೇರೆ ಬೇರೆ ಬಣ್ಣದ ಬೆಳಕು ಎಷ್ಟು ಕಡಿಮೆಯಾಗಿ ಬಂತು ಎಂದು ನೋಡುತ್ತದೆ. ಅದರಿಂದ, ಮೇಲಿನ ಧೂಳು-ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಒಂದು ಸಂಖ್ಯೆ ಸಿಗುತ್ತದೆ. ಅದು 1 ಇದ್ದರೆ, ಸೂರ್ಯ ನೆತ್ತಿ ಮೇಲಿದ್ದಾಗಲೂ ನೇರ ಬಿಸಿಲಿನಲ್ಲಿ ನೂರಕ್ಕೆ 37 ಪಾಲು ಮಾತ್ರ ಧೂಳು ದಾಟಿ ಬರುತ್ತದೆ. ಉಳಿದದ್ದರಲ್ಲಿ ಬಹಳಷ್ಟು ಚದುರಿ ಅಡ್ಡಡ್ಡ ಬರುತ್ತದೆ. ನಮ್ಮ ಗಿರಾಕಿಗೆ 9 ಯೂನಿಟ್ ಆದರೂ ಸಿಕ್ಕಿದ್ದು ಅದಕ್ಕೇ. ಇನ್ನೊಂದು ಚಂದದ ವಿಷಯ: ಹೊಗೆ ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ, ಕೆಂಪನ್ನು ಕಡಿಮೆ. ಮರಳುಗಾಡಿನ ಧೂಳಿನ ಕಣ ಹೊಗೆಯದಕ್ಕಿಂತ ದಪ್ಪ, ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ತಡೆಯುತ್ತದೆ. ಹಾಗಾಗಿ ಮೇಲಿರೋದು ಹೊಗೆಯೋ ಧೂಳೋ ಅಂತ ನೆಲದ ಮೇಲೆ ಕೂತೇ ಹೇಳಬಹುದು. ಕಾನ್ಪುರದ ಐಐಟಿಯಲ್ಲಿ ಇಂಥದ್ದು 2001ರಿಂದ ಇದೆ.

ನಾನೂ ಸುಮ್ನೆ ಕೂರಲಿಲ್ಲ. ಅವತ್ತು ತೊಳೆದ ಗಾಜಿನ ಮೇಲೆ ಮರುದಿನ ತಿಳಿ ಹಳದಿ ಪುಡಿ ಕೂತಿತ್ತು. ಬೆರಳಿನಿಂದ ಕೂಡಿಸಿ ಒಂದು ಹನಿ ನಿಂಬೆರಸ ಬಿಟ್ಟೆ. ಸಣ್ಣಗೆ ಗುಳ್ಳೆ ಎದ್ದವು. ಸುಣ್ಣದ ಕಲ್ಲು ಇದ್ದರೆ ಹಾಗೇ ಆಗೋದು. 'ಅರಬಿಸ್ತಾನನೂ ಇಲ್ಲ, ಏನೂ ಇಲ್ಲ, ಇದು ನಮ್ಮ ಶಹಾಬಾದಿನದೇ' ಎಂದು ಗೆದ್ದವನ ಹಾಗೆ ಹೇಳಿದೆ. ತಂಗಿಯ ಮಗಳು ಅದನ್ನೂ ಕೆಡಿಸಿದಳು. ಅರಬ್ ಕಡೆಯ ಧೂಳಿನಲ್ಲೂ ಸುಣ್ಣದ ಅಂಶ ಜಾಸ್ತಿಯಂತೆ! ನಿಂಬೆಹಣ್ಣಿಗೆ ಅಷ್ಟು ಗೊತ್ತಾಗಲ್ಲ. ಪುಡಿಯನ್ನು ಎಕ್ಸ್‌ರೇ ಮಷಿನ್‌ಗೆ (ದವಾಖಾನೆಯದಲ್ಲ, ಲ್ಯಾಬಿನದು) ಹಾಕಿದರೆ ಯಾವ ಯಾವ ಖನಿಜ ಇದೆ ಅಂತ ಬರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ನಮ್ಮ ಎರೆ ಮಣ್ಣಿನ ಜೇಡಿಯೇ ಬೇರೆ, ಸ್ಮೆಕ್ಟೈಟ್ ಅಂತ ಅದರ ಹೆಸರು. ಕಬ್ಬಿಣದ ತುಕ್ಕಿನಂಥ ಹೆಮಟೈಟ್ ಇದ್ದರೆ ಧೂಳು ನೀಲಿ ಬೆಳಕನ್ನು ನುಂಗಿ ಕೆಂಪಗೆ ಕಾಣುತ್ತದೆ, ಬಿಸಿಯನ್ನೂ ಹಿಡಿಯುತ್ತದೆ. ಇದನ್ನೇ ತಿಳಿಯಲು ನಾಸಾದವರು 2022ರ ಜುಲೈನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಎಮಿಟ್ ಎಂಬ ಉಪಕರಣ ಕಳಿಸಿದರು. ಅಲ್ಲಿಂದಲೇ ಮರಳುಗಾಡುಗಳ ಖನಿಜ ಗುರುತಿಸುತ್ತದೆ.

ನನ್ನ ತಕರಾರು ಇಷ್ಟೇ. ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ 2019ರಲ್ಲಿ ಶುರುವಾಯಿತು, ನಮ್ಮ ಊರು ಆ ಪಟ್ಟಿಯಲ್ಲಿದೆ. ಪಿಎಂ 10 ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ದಾಟಬಾರದು. ಸರಿ. ಆದರೆ ಆ 100ರಲ್ಲಿ ಕಲ್ಲಿನ ಪುಡಿ ಎಷ್ಟು, ಹೊಗೆ ಎಷ್ಟು, ದೂರದಿಂದ ಬಂದಿದ್ದು ಎಷ್ಟು? ತಕ್ಕಡಿಗೆ ಎಲ್ಲ ಒಂದೇ. ಮರಳುಗಾಡಿನ ಧೂಳು ಬಂದ ದಿನ ಬೈಸಿಕೊಳ್ಳೋರು ರಸ್ತೆ ಗುಡಿಸುವ ಹೆಣ್ಣುಮಕ್ಕಳು. ನಾಳೆ ಕ್ರಷರ್ ಮಾಲೀಕರು 'ನಮ್ಮದಲ್ರೀ, ಅರಬಿಸ್ತಾನದ್ದು' ಎಂದರೆ ಅದಕ್ಕೂ ಉತ್ತರ ಇರಬೇಕಲ್ಲ.

ಜಿಲ್ಲಾ ವಿಜ್ಞಾನ ಕೇಂದ್ರದ ಮಾಳಿಗೆ ಇದೆ, ಗುಲಬರ್ಗಾ ವಿಶ್ವವಿದ್ಯಾಲಯದ ಮಾಳಿಗೆ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ್ದೂ ಇದೆ. ಎಲ್ಲಿ ಬೇಕಾದರೂ ಒಂದು ಸನ್ ಫೋಟೋಮೀಟರ್ ಕೂಡಿಸಲಿ. ಕೂಡಿಸುವ ಮಜೂರಿ ನನಗೆ ಬೇಡ. ಅದರ ಗಾಜು ವಾರಕ್ಕೊಮ್ಮೆ ಒರೆಸೋದೂ ನನ್ನ ಲೆಕ್ಕದಲ್ಲೇ.

ಅವತ್ತಿನಿಂದ ನಾನು ಬೇರೆ ಬೇರೆ ಮಾಳಿಗೆಯ ಧೂಳನ್ನು ಹೋಮಿಯೋಪತಿ ಗುಳಿಗೆಯ ಬಾಟ್ಲಿಗಳಲ್ಲಿ ತುಂಬಿ, ತಾರೀಖು, ಊರು ಬರೆದು ಇಟ್ಟಿದ್ದೇನೆ. ಎಕ್ಸ್‌ರೇ ಮಷಿನ್ ಇದ್ದವರು ಕೇಳಿದರೆ ಕೊಡುತ್ತೇನೆ. ಆ ಹಾಲುಬಣ್ಣದ ದಿನದ್ದೂ ಇದೆ. ಸೇಡಂದ ಬಾಟ್ಲಿ ಮಾತ್ರ ಸಿಗಲ್ಲ. ಅದನ್ನು ನನ್ನ ಹೆಂಡತಿ ತೊಳೆದು ಇಂಗು ಹಾಕಿಟ್ಟಿದ್ದಾಳೆ.

ಒಬ್ಬ ಸೋಲಾರ್ ಮಿಸ್ತ್ರಿ, ಕಲಬುರಗಿ