ರುಚಿ ಹೋಯಿತೆಂದ ಗೆಳೆಯನಿಗೆ

ಬಳ್ಳಾರಿ,
ಭಾನುವಾರ ರಾತ್ರಿ

ಆತ್ಮೀಯ ಗೆಳೆಯ,

ಕಳೆದ ತಿಂಗಳು ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತಿದ್ದಾಗ ನೀನು ಎರಡು ಗುಟುಕು ಕುಡಿದು, ಗ್ಲಾಸು ಕೆಳಗಿಟ್ಟು, "ಈಗಿನ ಬಿಯರಿನಲ್ಲಿ ರುಚಿಯೇ ಉಳಿದಿಲ್ಲ ಬಿಡು" ಎಂದೆ. ನಾನೂ ಹೌದೆಂದು ತಲೆಯಾಡಿಸಿದೆ. ಮರುದಿನ ನೀನು ಸಿರುಗುಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸಿಂಧನೂರಿಗೆ ಹೊರಟ ಮೇಲೆ ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಫೋನಿನಲ್ಲಿ ಆಡಿ ಮುಗಿಸುವಂಥ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ವಯಸ್ಸಿನ ಬೇರೆಯವರಿಗೂ ಇದು ಬೇಕಾದೀತೆಂದು ಅನ್ನಿಸಿದೆ. ನೀನು ಓದಿ ಒಪ್ಪಿದ ಮೇಲೆ ಮಾತ್ರ, ಹೆಸರಿಲ್ಲದೆ, ಎಲ್ಲರೂ ಓದುವಂತೆ ಹಾಕುತ್ತೇನೆ.

ನಮ್ಮ ಮೊದಲ ಬಿಯರ್ ನಿನಗೆ ನೆನಪಿದೆಯೇ? 1992ರ ಏಪ್ರಿಲ್, ಕೊನೆಯ ಪರೀಕ್ಷೆ ಮುಗಿದ ಸಂಜೆ. ಬಳ್ಳಾರಿಯ ಕೋಟೆಬೆಟ್ಟದ ಬಂಡೆಗಳು ಹಗಲಿನ ಬಿಸಿಲನ್ನೆಲ್ಲ ಕುಡಿದು ಸಂಜೆ ಊರ ಮೇಲೆ ಉಗುಳುವ ಕಾಲ ಅದು. ಇಬ್ಬರಿಗೂ ಸೇರಿ 650 ಮಿ.ಲೀ.ನ ಒಂದೇ ಬಾಟಲಿ. ಅಂಗಡಿಯವನು ಮಂಜುಗಡ್ಡೆಯ ತೊಟ್ಟಿಯಿಂದ ಅದನ್ನೆತ್ತಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದ. ಕೋಣೆ ಸೇರುವಷ್ಟರಲ್ಲಿ ಕಾಗದ ನೆನೆದು ಮುದ್ದೆಯಾಗಿ, ಬಾಟಲಿಯ ಚೀಟಿ ನಿನ್ನ ಅಂಗೈಗೆ ಅಂಟಿಕೊಂಡು ಬಂದಿತ್ತು. ಸ್ಟೀಲ್ ಲೋಟಕ್ಕೆ ಸುರಿದಾಗ ಅರ್ಧ ಲೋಟ ಬರೀ ನೊರೆ. ಮೊದಲ ಗುಟುಕಿಗೆ ನೀನು ಮುಖ ಕಿವುಚಿ, ಬೇವಿನ ಕಷಾಯಕ್ಕೆ ಜನ ದುಡ್ಡು ಕೊಡುತ್ತಾರೆಯೇ ಎಂದು ಕೇಳಿದೆ. ಆದರೂ ನಾವು ಮೆಣಸಿನಕಾಯಿ ಬಜ್ಜಿ ಕಚ್ಚುತ್ತ ಆ ಬಾಟಲಿಯನ್ನು ಮುಗಿಸಿದೆವು.

ಅಂದು ನೀನು ಕಿವುಚಿದ ಮುಖವೇ ಸರಿಯಾದ ಉತ್ತರವಾಗಿತ್ತು ಎಂದು ಈಗ ಅನ್ನಿಸುತ್ತದೆ. ಬಿಯರಿನ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುತ್ತದೆ. ವಿಷದ ಸಸ್ಯಗಳಲ್ಲಿ ಅನೇಕವು ಕಹಿಯಾಗಿರುವುದರಿಂದ ಕಹಿಯನ್ನು ಉಗುಳುವುದು ನಾಲಿಗೆಯ ಹುಟ್ಟುಗುಣ; ಹಾಗಲಕಾಯಿಯಂತೆ, ಸಕ್ಕರೆಯಿಲ್ಲದ ಕಾಫಿಯಂತೆ, ಬಿಯರನ್ನೂ ಮತ್ತೆ ಮತ್ತೆ ಸವಿದ ಮೇಲಷ್ಟೇ ಅದು ಒಪ್ಪಿಕೊಳ್ಳುತ್ತದೆ. ಆದರೆ ನಾವು ಒಪ್ಪಿಕೊಂಡದ್ದು ಬಿಯರನ್ನೇ ಎಂಬ ವಿಷಯದಲ್ಲಿ ನನಗೆ ಅನುಮಾನವಿದೆ. ವಿಪರೀತ ತಣ್ಣಗಿರುವ ಪದಾರ್ಥದ ರುಚಿ ನಾಲಿಗೆಗೆ ಸರಿಯಾಗಿ ತಿಳಿಯುವುದಿಲ್ಲ, ಕಹಿಯೂ ಅಡಗುತ್ತದೆ, ಬಾರ್ಲಿಯ ಸಿಹಿಯೂ ಅಡಗುತ್ತದೆ. ನಲವತ್ತು ಡಿಗ್ರಿ ದಾಟುವ ಈ ಊರಿನಲ್ಲಿ ನಾವು ಆಸೆಪಟ್ಟದ್ದು ಆ ತಂಪಿಗೆ. ಆ ತಂಪನ್ನೇ ರುಚಿಯೆಂದು ವರ್ಷಗಟ್ಟಲೆ ನಂಬಿದೆವು.

ನಮ್ಮ ಹಿರಿಯರ ನಾಲಿಗೆಯಾದರೂ ಸ್ವತಂತ್ರವಾಗಿತ್ತೆಂದು ಹೇಳಲಾರೆ. ನಿಮ್ಮ ರಾಯಚೂರು, ಕೊಪ್ಪಳದ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ ಅಬಕಾರಿ ದೊಡ್ಡ ಆದಾಯ, ಈಚಲಮರದ ಸೇಂದಿ ಎಲ್ಲರ ಪಾನೀಯ. ಬಳ್ಳಾರಿ 1953ರವರೆಗೆ ಮದರಾಸಿನ ಕೈಯಲ್ಲಿತ್ತು. ದಂಡಿನ ಬಿಳಿಯ ಸಿಪಾಯಿಗಳು ಬಿಯರ್ ಕುಡಿದ ಈ ಊರಿನಲ್ಲೇ 1948ರ ಹೊತ್ತಿಗೆ ಪಾನನಿಷೇಧ ಬಂದಿತ್ತು. ನನ್ನ ತಾತ ನಿಮ್ಮ ಕಡೆಯ ಹಳ್ಳಿಯವರು. ಬೆಳಗ್ಗೆ ಇಳಿಸಿದ ಸೇಂದಿ ಎಳನೀರಿನಂತೆ ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಘಾಟು ಎಂದು ಅವರು ಹೇಳುತ್ತಿದ್ದರು. ಒಂದೇ ಮರದ ರಸದಲ್ಲಿ ಮೂರು ಹೊತ್ತಿನ ಮೂರು ರುಚಿಯನ್ನು ಗುರುತಿಸಬಲ್ಲ ನಾಲಿಗೆ ಅವರದು. ಆಮೇಲೆ ಅದೇ ಸೀಮೆಯಲ್ಲಿ ಸಿ.ಎಚ್. ಪೌಡರ್ ಕಲಸಿದ ಸೇಂದಿ ಬಂತು. ಅದು ಕ್ಲೋರಲ್ ಹೈಡ್ರೇಟ್, ನಿದ್ರೆ ಬರಿಸುವ ರಾಸಾಯನಿಕ. ಪುಡಿಗೆ ಒಗ್ಗಿದವನಿಗೆ ಮರದಿಂದ ಆಗಷ್ಟೇ ಇಳಿಸಿದ ಸೇಂದಿ ಸಪ್ಪೆ ಎನ್ನಿಸುತ್ತಿತ್ತು. ಈ ಸಪ್ಪೆಯ ಮಾತನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಬರುತ್ತೇನೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಪ್ಯಾಕೆಟ್ ಕುಡಿಯುತ್ತಿದ್ದವರು ಬಿಯರಿಗೆ ಬರಲಿಲ್ಲ, ಕಡಿಮೆ ಬೆಲೆಯ ವಿಸ್ಕಿ, ಬ್ರಾಂಡಿಯ ನೈಂಟಿಗೆ, ಅಂದರೆ 90 ಮಿ.ಲೀ. ಅಳತೆಗೆ, ಹೋದರು. ಬಿಯರ್ ಹೆಚ್ಚಿದ್ದು ಅದಿರಿನ ದುಡ್ಡಿನಿಂದ. ಹೊಸಪೇಟೆ, ಸಂಡೂರು, ತೋರಣಗಲ್ಲಿನ ದಾರಿಯಲ್ಲಿ ಹಗಲು ರಾತ್ರಿ ಕೆಂಪು ಧೂಳೆಬ್ಬಿಸುತ್ತ ಲಾರಿಗಳು ಓಡುತ್ತಿದ್ದಾಗ ಫ್ರಿಜ್ಜಿಲ್ಲದ ಬಾರ್ ಇರಲಿಲ್ಲ, ಮತ್ತು ಆ ಫ್ರಿಜ್ಜಿನಲ್ಲಿ ಸ್ಟ್ರಾಂಗ್ ಬಿಯರ್ ಬಿಟ್ಟರೆ ಬೇರೆ ಬಾಟಲಿ ಹುಡುಕಬೇಕಾಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ನಿಂತವು. ಸ್ಟ್ರಾಂಗ್ ಮಾತ್ರ ಉಳಿಯಿತು, ನಮ್ಮಿಬ್ಬರ ಮನೆಯಲ್ಲೂ ಉಳಿಯಿತು.

ನೀನು ಅಕ್ಕಿ ವ್ಯಾಪಾರದವನು, ಲೆಕ್ಕ ನಿನಗೆ ಬೇಗ ಹಿಡಿಯುತ್ತದೆ. ಮೈಲ್ಡ್ ಬಿಯರಿನಲ್ಲಿ ಆಲ್ಕೋಹಾಲ್ ಶೇ. 5ರ ಒಳಗೆ, ಸ್ಟ್ರಾಂಗಿನಲ್ಲಿ 8ರವರೆಗೆ. 8ರ ಲೆಕ್ಕ ಹಿಡಿದರೆ 650 ಮಿ.ಲೀ. ಸ್ಟ್ರಾಂಗಿನಲ್ಲಿ 52 ಮಿ.ಲೀ., ಅಂದರೆ ತೂಕದಲ್ಲಿ ಸುಮಾರು 41 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿಯ ಒಂದು ನೈಂಟಿಯಲ್ಲಿ ಇರುವುದು ಸುಮಾರು 30 ಗ್ರಾಂ. ಎರಡು ಸ್ಟ್ರಾಂಗ್ ಕುಡಿದವನು 180 ಮಿ.ಲೀ.ನ ಒಂದು ಕ್ವಾರ್ಟರ್ ವಿಸ್ಕಿ ಕುಡಿದು, ಅದರ ಮೇಲೆ 60 ಮಿ.ಲೀ.ನ ಒಂದು ಸಿಕ್ಸ್ಟಿ ಹಾಕಿಕೊಂಡಂತೆ. "ನಾನು ವಿಸ್ಕಿಯಂಥ ಹಾಟ್ ಮುಟ್ಟುವುದಿಲ್ಲ, ಬರೀ ಬಿಯರ್" ಎಂದು ನಾವು ಮನೆಯವರಿಗೆ ಇಪ್ಪತ್ತು ವರ್ಷ ಹೇಳಿಕೊಂಡು ಬಂದದ್ದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಿನ್ನ ದೂರಿನಲ್ಲಿ ನಿಜವೂ ಇದೆ, ಅದನ್ನು ಮರೆಮಾಚಲಾರೆ. ಬಿಯರಿಗೆ ಬಿಸಿಯೂ ಬೆಳಕೂ ಶತ್ರು. ಬಿಸಿಲಿನಲ್ಲಿ ಬಂದ ಲಾರಿ, ತಗಡಿನ ಗೋದಾಮು, ಅಂಗಡಿಯ ಮುಂದೆ ಬೆಳಗಿನಿಂದ ಕಾಯುವ ಕ್ರೇಟು, ಇಷ್ಟನ್ನೆಲ್ಲ ದಾಟಿ ಬಂದ ಬಾಟಲಿಯನ್ನು ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಕಳೆದ ರುಚಿ ಮರಳುವುದಿಲ್ಲ. ಒದ್ದೆ ರಟ್ಟಿನಂಥ ಒಂದು ಹಳಸಲು ರುಚಿ ಬಂದಿರುತ್ತದೆ. ಬೆಳಕು ಬಿದ್ದರೆ ಹಾಪ್ಸಿನ ಅಂಶವೇ ಕೆಟ್ಟ ವಾಸನೆಗೆ ತಿರುಗುತ್ತದೆ. ಕಂದು ಗಾಜಿನ ಬಾಟಲಿ ಇರುವುದೇ ಆ ಬೆಳಕನ್ನು ತಡೆಯಲು. ಬಾರ್ಲಿಯ ಜೊತೆಗೆ ಅಕ್ಕಿ, ಸಕ್ಕರೆ ಸೇರಿಸಿ ಹಗುರ ಮಾಡುವ ಪದ್ಧತಿಯೂ ನಮ್ಮಲ್ಲಿದೆ. ಇನ್ನು ಬೆಲೆಯ ಮಾತು ಬೇಡವೇ ಬೇಡ: 2023ರ ಜುಲೈನಲ್ಲಿ ರಾಜ್ಯ ಸರ್ಕಾರ ಬಿಯರಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ 185ಕ್ಕೆ ಏರಿಸಿದಾಗ ನೀನೇ ಫೋನ್ ಮಾಡಿ ಗೋಳಾಡಿದ್ದೆ. ದುಬಾರಿಯಾದಷ್ಟೂ ಕೊಟ್ಟ ದುಡ್ಡಿಗೆ ತಕ್ಕ ಕಿಕ್ ಬೇಕೆನ್ನುವವನು ಸ್ಟ್ರಾಂಗಿಗೇ ಕೈಯೊಡ್ಡುತ್ತಾನೆ.

ಇಷ್ಟಾದರೂ ಅಂದು ಮಾಳಿಗೆಯ ಮೇಲೆ ನಾವಿಬ್ಬರೂ ಒಂದೇ ಬಾಟಲಿಯಿಂದ ಸುರಿದುಕೊಂಡೆವು. ನನಗೆ ಅದರಲ್ಲಿ ಕಹಿಯಿತ್ತು, ಹುರಿದ ಧಾನ್ಯದ ಸಣ್ಣ ಸಿಹಿಯಿತ್ತು. ನಿನಗೆ ಏನೂ ಸಿಗಲಿಲ್ಲ. ಆಗ ನಾನು ತಲೆಯಾಡಿಸಿದ್ದು ಸುಳ್ಳು. ನಿನಗೆ ಯಾಕೆ ಸಿಗಲಿಲ್ಲ ಎಂಬುದು ನನಗೆ ಗೊತ್ತಿತ್ತು, ಏಕೆಂದರೆ ನನಗೂ ಹಾಗೆಯೇ ಆಗಿತ್ತು.

ಮೂರು ವರ್ಷದ ಹಿಂದೆ ಒಂದು ನಡುರಾತ್ರಿ ಬಲಗಾಲಿನ ಹೆಬ್ಬೆರಳಿನ ಕೀಲು ಕೆಂಪಗೆ ಊದಿ, ಹೊದಿಕೆಯ ಅಂಚು ತಾಗಿದರೂ ಕೂಗುವಷ್ಟು ನೋವು ಬಂದದ್ದನ್ನು ನಿನಗೆ ಹೇಳಿದ್ದೆ. ಯೂರಿಕ್ ಆಸಿಡ್ ಹೆಚ್ಚಾಗಿತ್ತು. ಬಿಯರ್ ಅದನ್ನು ಏರಿಸುತ್ತದೆಂದು ವೈದ್ಯರು ಹೇಳಿದ ಮೇಲೆ ಏಳು ತಿಂಗಳು ಮುಟ್ಟಲಿಲ್ಲ. ಆ ಏಳು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಅಕ್ಕನ ಮಗ ತಾನು ಹೋಗುವ ಒಂದು ಮೈಕ್ರೋಬ್ರೂವರಿಗೆ ಕರೆದೊಯ್ದು, ಸಣ್ಣ ಗ್ಲಾಸಿನಲ್ಲಿ ಗೋಧಿಯ ಬಿಯರ್ ಮುಂದಿಟ್ಟ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಲವಂಗದ ಪರಿಮಳ! ಹಣ್ಣು ಹಾಕಿದ್ದಾರೆಯೇ ಎಂದು ಕೇಳಿದೆ. ಹಣ್ಣೂ ಇಲ್ಲ, ಲವಂಗವೂ ಇಲ್ಲ ಮಾಮಾ, ಜರ್ಮನಿಯ ಒಂದು ಬಗೆಯ ಯೀಸ್ಟ್ ಹುದುಗುವಾಗ ಹಾಗೆ ಬರುತ್ತದೆ ಎಂದ. ಬಿಯರಿನಲ್ಲಿ ಇಷ್ಟೆಲ್ಲ ಇರುತ್ತದೆಂದು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಆ ಹುಡುಗನ ಗೆಳೆಯರಲ್ಲಿ ಒಬ್ಬ ಆಲ್ಕೋಹಾಲೇ ಇಲ್ಲದ ಬಿಯರ್ ಕುಡಿಯುತ್ತಿದ್ದ, ಯಾರೂ ಅವನನ್ನು ಹಾಸ್ಯ ಮಾಡಲಿಲ್ಲ. ನಮ್ಮ ಕಾಲದಲ್ಲಿ ಒಂದು ಗ್ಲಾಸು ಕಡಿಮೆ ಕುಡಿದವನನ್ನು ನಾವು ಸುಮ್ಮನೆ ಬಿಡುತ್ತಿದ್ದೆವೇ?

ಈಗ ತಿಂಗಳಿಗೊಮ್ಮೆ ಎಂದರೆ 330 ಮಿ.ಲೀ.ನ ಒಂದು ಪೈಂಟ್, ಅದೂ ಮೈಲ್ಡ್. ಅದಕ್ಕಿಂತ ಹೆಚ್ಚು ಈ ಮೈ ತಡೆಯುವುದಿಲ್ಲ. ವಯಸ್ಸಾದಂತೆ ದೇಹದ ನೀರಿನಂಶ ಇಳಿಯುವುದರಿಂದ ಅಷ್ಟೇ ಬಿಯರ್ ರಕ್ತದಲ್ಲಿ ಮೊದಲಿಗಿಂತ ಹೆಚ್ಚು ಏರುತ್ತದೆ, ಮಧ್ಯರಾತ್ರಿಯ ಮೇಲೆ ನಿದ್ರೆ ಒಡೆಯುತ್ತದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ನಾನು ಆ ಪೈಂಟನ್ನು ಆ ಮಾತು ತಿಳಿದೇ ಕುಡಿಯುತ್ತೇನೆ.

ನಿನಗೆ ದಿನಕ್ಕೆ ಎರಡು ಸ್ಟ್ರಾಂಗ್, ಹಬ್ಬ ಹುಣ್ಣಿಮೆಗೆ ಮೂರು. ದಿನವೂ ಕುಡಿಯುವವನ ಮೈ ರುಚಿಗಾಗಿ ಕಾಯುವುದಿಲ್ಲ, ಏಟಿಗಾಗಿ ಕಾಯುತ್ತದೆ. ಪುಡಿಗೆ ಒಗ್ಗಿದವನಿಗೆ ಸೇಂದಿ ಸಪ್ಪೆಯಾದಂತೆ ನಿನಗೆ ಬಿಯರ್ ಸಪ್ಪೆಯಾಗಿದೆ ಎಂದು ನನಗೆ ಭಯ. ಈ ಪತ್ರ ಬರೆಯಲು ಕಾರಣವಾದದ್ದು ಮರುದಿನ ಬೆಳಗಿನ ಒಂದು ನೋಟ. ನನ್ನ ಮನೆಯವಳು ಚಹಾ ತಂದಿಟ್ಟಾಗ ನೀನು ಲೋಟವನ್ನು ಒಂದು ಕೈಯಲ್ಲಿ ಎತ್ತಲು ಹೋಗಿ, ಮತ್ತೆ ಕೆಳಗಿಟ್ಟು, ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಚಳಿಯೆಂದು ನಕ್ಕೆ. ಬಳ್ಳಾರಿಯ ಆ ಬೇಸಿಗೆಯಲ್ಲಿ ಎಲ್ಲಿಯ ಚಳಿ, ಗೆಳೆಯ? ಬಟ್ಟಲಿಗೆ ಚೆಲ್ಲಿದ ಚಹಾವನ್ನು ನೀನು ಕರವಸ್ತ್ರದಿಂದ ಒರೆಸಿದ್ದನ್ನೂ ನೋಡಿದೆ.

ಒಂದು ಮಾತು ಖಂಡಿತವಾಗಿ ಕೇಳು: ಇದನ್ನು ಓದಿ ಸಿಟ್ಟಿನಲ್ಲಿಯೋ ಹಟದಲ್ಲಿಯೋ ಇಂದೇ ಪೂರ್ತಿ ನಿಲ್ಲಿಸಬೇಡ. ಕೈ ನಡುಗುವಷ್ಟು ಒಗ್ಗಿದ ಮೈ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರು ಔಷಧಿ ಕೊಟ್ಟು ಬಿಡಿಸುವ ಕ್ರಮವಿದೆ. ಮೊದಲು ಬರೀ ಮಾತಾಡಬೇಕೆನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬರುವ ಶುಕ್ರವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಹತ್ತು ಗಂಟೆಗೆ ಆಸ್ಪತ್ರೆಗೆ ಇಬ್ಬರೂ ಕೂಡಿ ಹೋಗೋಣ. ಚೀಟಿ ಮಾಡಿಸುವ ಸಾಲಿನಲ್ಲಿ ನಾನು ನಿಲ್ಲುತ್ತೇನೆ. ವೈನಿಯವರಿಗೆ ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಡಲು ಹೇಳು, ಮತ್ತು ನಾನು ಬರುವುದು ಯಾಕೆಂದು ಅವರಿಗೆ ನೀನೇ ತಿಳಿಸು.

ನಿನ್ನ,
ಹಳೆಯ ಕೋಣೆಯ ಜೊತೆಗಾರ