ಆ ಹೂದಾನಿ ಬಿಸಾಡಬೇಡ, ಬೀದರಿಗೆ ತಗೊಂಡು ಬಾ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ನಿನ್ನ ಮದುವೆಗೆ ನಾನು ಕೊಟ್ಟ ಬಿದ್ರಿ ಹೂದಾನಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಮಾಡಿದ ನಮ್ಮ ಬೀದರಿನ ಕುಸುರಿ. ಕಪ್ಪಗೆ ಮಿರಮಿರ ಮಿಂಚುತ್ತಿದ್ದದ್ದು ಈಗ ಬೂದಿ ಬಣ್ಣಕ್ಕೆ ತಿರುಗಿದೆ. ಬೆಳ್ಳಿಯ ಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. "ಹಾಳಾಗಿದೆ ಅನ್ಸುತ್ತೆ, ಏನು ಮಾಡಲಿ?" ಅಂತ ಕೇಳಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು. ಡಿಸೆಂಬರಿನಲ್ಲಿ ಹೈದರಾಬಾದಿಗೆ ಬರುತ್ತೇನೆ, ಅರ್ಧ ದಿನ ಸಿಕ್ಕರೆ ಬೀದರ್ ಕೋಟೆ ನೋಡಿ ಹೋಗುತ್ತೇನೆ ಅಂತ.

ಹೂದಾನಿ ಹಾಳಾಗಿಲ್ಲ, ತಗೊಂಡು ಬಾ. ಅರ್ಧ ದಿನಕ್ಕೆ ಮಾತ್ರ ಬರಬೇಡ. ಎರಡು ದಿನ ಇಟ್ಟುಕೊಂಡು ಬಾ.

ಹೈದರಾಬಾದಿನಿಂದ ಇಲ್ಲಿಗೆ ಹೆಚ್ಚುಕಡಿಮೆ 140 ಕಿಲೋಮೀಟರ್. ಅದಕ್ಕೇ ಎಲ್ಲರೂ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವ ಲೆಕ್ಕ ಹಾಕುತ್ತಾರೆ. ಕಾರು ನೇರ ಕೋಟೆ ಬಾಗಿಲಿಗೆ ಹೋಗುತ್ತದೆ. ನಾಲ್ಕು ಫೋಟೊ ತೆಗೆಯುತ್ತಾರೆ, ಬಿಸಿಲು ಜಾಸ್ತಿ ಅನ್ನುತ್ತಾರೆ, ಹೊರಡುತ್ತಾರೆ. ದಾರಿಯಲ್ಲಿ ಅವರು ದಾಟಿ ಹೋದ ಓಣಿಯ ಕಡೆ ತಿರುಗಿಯೂ ನೋಡಿರುವುದಿಲ್ಲ. ಇದು ನನಗೆ ಬಹಳ ದಿನದಿಂದ ಇರುವ ಸಂಕಟ. ಈ ಊರಿಗೆ ಹೆಸರು ತಂದ ಬಿದ್ರಿ ಕೆಲಸ ನಡೆಯುವುದು ಆ ಓಣಿಯ ಅಂಗಡಿಗಳಲ್ಲಿ.

ನೀನು ಬಂದಾಗ ಮೊದಲು ಚೌಬಾರದ ಹತ್ತಿರ ಇಳಿಯಬೇಕು. ಹಳೆ ಊರಿನ ನಡುವೆ ನಿಂತ ದುಂಡನೆಯ ಎತ್ತರದ ಗೋಪುರ ಅದು. ಮೊದಲು ಅದರ ಮೇಲೆ ನಿಂತು ಕಾವಲು ಕಾಯುತ್ತಿದ್ದರು. ಅಲ್ಲಿಂದ ಮದರಸಾ ಕಡೆಗೆ ನಿಧಾನಕ್ಕೆ ನಡಿ. ಸಣ್ಣ ಸುತ್ತಿಗೆಯ ಸದ್ದು ಕೇಳುತ್ತದೆ. ಟಕ್ ಟಕ್ ಟಕ್, ಒಂದೇ ಸಮ. ಅಂಗಡಿ ಅಂದರೆ ದೊಡ್ಡದೇನೂ ಅಲ್ಲ. ಮುಂದೆ ಗಾಜಿನ ಕಪಾಟು, ಹಿಂದೆ ನೆಲದ ಮೇಲೆ ಕೂತು ಕೆಲಸ ಮಾಡುವ ಇಬ್ಬರು ಮೂವರು. ಮಾರುವವರು ಮತ್ತು ಮಾಡುವವರು ಎಷ್ಟೋ ಕಡೆ ಒಂದೇ ಮನೆಯವರು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ನಮ್ಮ ಅಜ್ಜಿಯದೊಂದು ಬಿದ್ರಿ ಪಾನದಾನ ಇತ್ತು, ಎಲೆ ಅಡಿಕೆ ಡಬ್ಬಿ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ದೀಪಾವಳಿಯ ಮುಂಚೆ ಅವ್ವ ಮನೆಯ ಹಿತ್ತಾಳೆ ಸಾಮಾನೆಲ್ಲ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅದರ ಜೊತೆ ಪಾನದಾನವನ್ನೂ ತಿಕ್ಕಿಬಿಟ್ಟಳು. ತೊಳೆದು ನೋಡಿದರೆ ಕಪ್ಪು ಹೋಗಿದೆ, ನಿನ್ನ ಹೂದಾನಿಯ ಹಾಗೇ ಬೂದಿ ಬಣ್ಣ. ಅಜ್ಜಿ ಏನೂ ಅನ್ನಲಿಲ್ಲ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನ ಕೈಗೆ ಅದನ್ನು ಕೊಟ್ಟು, "ಓಣಿಗೆ ಹೋಗಿ ತೋರಿಸಿಕೊಂಡು ಬಾ" ಅಂದಳು.

ಅಲ್ಲಿದ್ದ ಚಾಚಾ ಡಬ್ಬಿಯನ್ನು ತಿರುಗಿಸಿ ನೋಡಿದರು. ಒಲೆಯ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿದರು. ಒಂದು ಬಟ್ಟಲಿನಲ್ಲಿ ಮಣ್ಣು, ನವಸಾಗರ, ನೀರು ಕಲಸಿ ಅದಕ್ಕೆ ಬಳಿದರು, ಕೈಯಿಂದಲೇ ಉಜ್ಜಿದರು. ನಾನು ನೋಡುತ್ತಿದ್ದ ಹಾಗೇ ಬೂದಿ ಬಣ್ಣದ ಡಬ್ಬಿ ಕಪ್ಪಾಗತೊಡಗಿತು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯಿತು. ಕೊನೆಗೆ ಎಣ್ಣೆ ಸವರಿ ಕೈಗಿಟ್ಟರು. "ಅಮ್ಮೀಗೆ ಹೇಳು, ಹುಣಸೆಹಣ್ಣು ಹಚ್ಚಬ್ಯಾಡ ಅಂತ" ಅಂದರು, ಅಷ್ಟೇ. ಅವತ್ತು ಆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಮನೆಗೆ ಓಡಿದ್ದು ನನಗೆ ಇನ್ನೂ ನೆನಪಿದೆ.

ಆ ಮಣ್ಣು ಎಲ್ಲಿಯದು ಗೊತ್ತಾ? ನಮ್ಮ ಕೋಟೆಯದು. ಎಲ್ಲೆಂದರಲ್ಲಿ ಅಗೆದು ತರುವ ಮಣ್ಣಲ್ಲ. ನೂರಾರು ವರ್ಷದಿಂದ ಬಿಸಿಲು ಮಳೆ ತಾಗದ ಹಳೆ ಕಟ್ಟಡಗಳ ಒಳಗಿನ ಮಣ್ಣೇ ಆಗಬೇಕು. ಹಿರಿಯರು ಒಂದು ಚಿಟಿಕೆ ನಾಲಿಗೆಗೆ ಇಟ್ಟು, ಇದು ಆಗುತ್ತದೆ, ಇದು ಆಗುವುದಿಲ್ಲ ಅಂತ ಹೇಳುತ್ತಾರೆ. ಪಾತ್ರೆ ಸತು ಮತ್ತು ತಾಮ್ರದ್ದು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ರೂಢಿಯ ಲೆಕ್ಕ. ಈ ಮಣ್ಣು ಆ ಮಿಶ್ರಣವನ್ನು ಕಪ್ಪು ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಇಡೀ ಕಲೆ ನಿಂತಿರುವುದೇ ಇದರ ಮೇಲೆ.

ನೀನು ಒಂದು ಅಂಗಡಿಯಲ್ಲಾದರೂ ಒಂದು ತಾಸು ಸುಮ್ನೆ ಕೂರಬೇಕು ಅಂತ ನನ್ನ ಆಸೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀಚಿದ ಗೆರೆ ಕಾಣಲಿ ಅಂತ. ಚಿತ್ರ ಬಿಡಿಸುವುದು ನೇರ ಕೈಯಿಂದ. ಹೂವಿನ ಒಂದು ಎಸಳು ಸೊಟ್ಟ ಆದದ್ದನ್ನು ನಾನು ನೋಡಿಲ್ಲ. ಪಾತ್ರೆಯನ್ನು ಮೇಣದಿಂದ ಕಲ್ಲಿಗೆ ಅಂಟಿಸಿ, ಉಳಿಯಿಂದ ಗೆರೆಯುದ್ದಕ್ಕೂ ಕೊರೆದು, ಕೂದಲಿನಂಥ ಬೆಳ್ಳಿ ತಂತಿಯನ್ನು ಅದರೊಳಗೆ ಕೂರಿಸಿ ಬಡಿಯುತ್ತಾರೆ. ಅದೇ ನಿನಗೆ ರಸ್ತೆಗೆ ಕೇಳಿಸುವ ಟಕ್ ಟಕ್. ತಂತಿಯ ಕೆಲಸಕ್ಕೆ ತಾರಕಶಿ ಅಂತಾರೆ. ಉಜ್ಜಿ ನಯ ಮಾಡಿದ ಮೇಲೆ ಕಡೆಯದಾಗಿ ಕೋಟೆಯ ಮಣ್ಣು.

ನಿನ್ನ ಹೆಂಡತಿಗೆ ಏನಾದರೂ ಕೊಳ್ಳಬೇಕು ಅಂದರೆ ಕಿವಿಯೋಲೆ, ಪೆಂಡೆಂಟು, ಸಣ್ಣ ಡಬ್ಬಿ ನೋಡು. ಕೊಳ್ಳುವ ಮೊದಲು ಬೆರಳ ತುದಿಯನ್ನು ಕುಸುರಿಯ ಮೇಲೆ ಆಡಿಸು. ಒಳ್ಳೆ ಕೆಲಸವಾದರೆ ಬೆಳ್ಳಿ ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗಬಾರದು. ಹಾಕಿದ್ದು ಬೆಳ್ಳಿಯೇ, ಎಷ್ಟು ಹಾಕಿದ್ದೀರಿ ಅಂತ ಧೈರ್ಯವಾಗಿ ಕೇಳು, ಹೇಳುತ್ತಾರೆ. ಚೌಕಾಸಿ ಮಾತ್ರ ಜಾಸ್ತಿ ಮಾಡಬೇಡ ಗೆಳೆಯಾ. ಒಂದು ಹೂದಾನಿ ಎಷ್ಟು ಜನರ ಕೈ ದಾಟಿ ಕಪಾಟಿಗೆ ಬರುತ್ತದೆ ಅಂತ ಕೂತು ನೋಡಿದ ಮೇಲೆ ನಿನಗೇ ಬಾಯಿ ಬರುವುದಿಲ್ಲ. 2023ರಲ್ಲಿ ನಮ್ಮ ಊರಿನ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಬೀದರಿಗೆ ಹಬ್ಬವಾಗಿತ್ತು. ಆದರೆ ಹೊಸ ಹುಡುಗರು ಈ ಕೆಲಸಕ್ಕೆ ಕೂರುವುದು ಕಡಿಮೆಯಾಗಿದೆ. ಬೆಳ್ಳಿಯ ಬೆಲೆ ಏರಿದಷ್ಟೂ ಬಂಡವಾಳ ಹೆಚ್ಚು ಬೇಕು, ಉಳಿಯುವುದು ಕಡಿಮೆ. ಇಂಥ ಹೊತ್ತಿನಲ್ಲಿ ನೇರ ಮಾಡುವವರ ಕೈಯಿಂದಲೇ ಕೊಂಡರೆ ಆ ಮನೆಗೆ ಎಷ್ಟೋ ಆಸರೆ.

ಅದೇ ರಸ್ತೆಯಲ್ಲಿ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಇಲ್ಲಿ ನಿನ್ನ ಜೊತೆ ನಾನೂ ಇರಬೇಕು. ಗವಾನ ಇರಾನಿನ ಗಿಲಾನದಿಂದ ಬಂದ ವ್ಯಾಪಾರಿ. ಬಹಮನಿ ಸುಲ್ತಾನರ ಪ್ರಧಾನಿಯಾಗುವ ಮಟ್ಟಕ್ಕೆ ಏರಿದವನು. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯ ಕಟ್ಟಿಸಿದ. ಪಾಠದ ಕೋಣೆ, ಹುಡುಗರು ಇರುವ ಕೋಣೆ, ಪುಸ್ತಕ ಭಂಡಾರ, ಎಲ್ಲ ಒಂದೇ ಸೂರಿನಡಿ. ಮುಂಭಾಗಕ್ಕೆ ಪೂರಾ ಬಣ್ಣದ ಹೆಂಚು ಹೊದಿಸಿದ್ದರು. ಔರಂಗಜೇಬನ ಕಾಲದಲ್ಲಿ ಸ್ಫೋಟವಾಗಿ ಮುಂಭಾಗದ ಅರ್ಧ ಬಿದ್ದು ಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲೆ ಅಲ್ಲಲ್ಲಿ ನೀಲಿ, ಹಸಿರು, ಹಳದಿ ಹೆಂಚಿನ ತುಣುಕು ಇನ್ನೂ ಹಿಡಿದುಕೊಂಡಿವೆ. ಸಂಜೆ ಬಿಸಿಲು ಅದರ ಮೇಲೆ ಬೀಳುವಾಗ ನೋಡಬೇಕು ನೀನು.

ಗವಾನ ಪತ್ರ ಬರೆಯುವುದರಲ್ಲಿ ಹೆಸರಾದವನು. ಅವನ ಪಾರಸಿ ಪತ್ರಗಳ ಸಂಗ್ರಹ ಇವತ್ತಿಗೂ ಉಳಿದಿದೆ. ಅವನನ್ನು ಕೊಂದದ್ದೂ ಒಂದು ಪತ್ರವೇ. ಆಗದವರು ಅವನ ಮುದ್ರೆ ಒತ್ತಿಸಿಕೊಂಡ ಖಾಲಿ ಹಾಳೆಯ ಮೇಲೆ, ಒಡಿಶಾದ ರಾಜನಿಗೆ ಬರೆದ ಹಾಗೆ ಸುಳ್ಳು ಪತ್ರ ತಯಾರಿಸಿದರು. ಸುಲ್ತಾನ ನಂಬಿದ. 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಮರು ವರ್ಷವೇ ಸುಲ್ತಾನನೂ ಸತ್ತ. ಮುಂದೆ ಬಹಮನಿ ರಾಜ್ಯ ಒಡೆದು ಐದಾಯಿತು. ಆ ಅಂಗಳದಲ್ಲಿ ನಿಂತಾಗ ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕೋಟೆಯ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ನೀನು ಹೇಗೂ ನೋಡುತ್ತೀಯ. ಕೆಂಪು ಮುರಕಲ್ಲನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ನೋಡು. ರಂಗೀನ್ ಮಹಲಿನ ಬಾಗಿಲು ಹಾಕಿದ್ದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳು, ನೋಡದೆ ಬರಬೇಡ. ಕರಿಕಲ್ಲಿನೊಳಗೆ ಕಪ್ಪೆಚಿಪ್ಪು ಕೂರಿಸಿ ಬಳ್ಳಿ ಬಿಡಿಸಿದ್ದಾರೆ. ಕಪ್ಪಿನ ಮೇಲೆ ಬಿಳುಪು. ಓಣಿಯಲ್ಲಿ ಒಂದು ತಾಸು ಕೂತು ಬಂದವನಿಗೆ ಅದು ತಟ್ಟನೆ ಗುರುತು ಹತ್ತುತ್ತದೆ, ನಮ್ಮ ಬಿದ್ರಿಯ ಅಕ್ಕನೋ ತಂಗಿಯೋ ಅನ್ನುವ ಹಾಗೆ.

ಎರಡನೇ ದಿನ ಬೆಳಿಗ್ಗೆ ಬೇಗ ಅಷ್ಟೂರಿಗೆ ಹೋಗೋಣ, ಊರಿಗೆ ಹತ್ತಿರವೇ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಹುಮಾಯೂನನ ಗುಮ್ಮಟ ಸಿಡಿಲಿಗೆ ಅರ್ಧ ಸೀಳಿದೆ. ಮೊಟ್ಟೆ ಒಡೆದ ಹಾಗೆ ಒಳಗಿನ ದಪ್ಪ ಕಾಣುತ್ತದೆ. ಅಹಮದ್ ಶಾ ವಲಿಯ ಗುಮ್ಮಟದ ಒಳಗೆ ಹೋಗಿ ತಲೆ ಎತ್ತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಬಂಗಾರದ ಬಣ್ಣ, ಕುಂಕುಮದ ಬಣ್ಣ ಒಂದೊಂದಾಗಿ ಕಾಣತೊಡಗುತ್ತವೆ. ರಾಜಧಾನಿಯನ್ನು ಕಲಬುರಗಿಯಿಂದ ನಮ್ಮೂರಿಗೆ ತಂದವನು ಈ ಅಹಮದ್ ಶಾ.

ಅವನ ಉರುಸನ್ನು ನಮ್ಮ ಜನ ಜಾತ್ರೆ ಅನ್ನುತ್ತಾರೆ. ಆಗ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ತಮ್ಮ ಭಕ್ತರ ಜೊತೆ ಬರುತ್ತಾರೆ. ಗೋರಿಯ ಮುಂದೆ ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಹೂವು ಏರಿಸುತ್ತಾರೆ. ಸುಲ್ತಾನನನ್ನು ಜನ ಅಲ್ಲಮಪ್ರಭು ಅಂತಲೇ ಕರೆಯುತ್ತಾರೆ. ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಶಂಖದ ಸದ್ದು ಕೇಳಿದ್ದೇನೆ. ಗುಮ್ಮಟದೊಳಗೆ ಅದು ಬಹಳ ಹೊತ್ತು ಸುತ್ತುತ್ತದೆ. ನೀನು ಬರುವುದು ಜಾತ್ರೆಯ ಕಾಲವಲ್ಲ, ಅದೊಂದೇ ಬೇಜಾರು.

ಮಧ್ಯಾಹ್ನ ಗುರುನಾನಕ್ ಝಿರಾ ಗುರುದ್ವಾರದಲ್ಲಿ ಲಂಗರ್ ಊಟ. ನಾನಕರು ಇಲ್ಲಿಗೆ ಬಂದಾಗ ಕುಡಿಯುವ ನೀರಿಗೆ ಕಷ್ಟವಿತ್ತಂತೆ. ಅವರು ಕಾಲಿನಿಂದ ಕಲ್ಲು ಸರಿಸಿದ ಕಡೆ ಬುಗ್ಗೆ ಎದ್ದಿತು ಅನ್ನುವುದು ಭಕ್ತರ ನಂಬಿಕೆ. ಆ ನೀರು ಈಗಲೂ ಹರಿಯುತ್ತಿದೆ. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಅಂದರೆ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಸಾಹಿಬ್ ಸಿಂಗರು ಬೀದರಿನವರು, ಕ್ಷೌರಿಕ ಮನೆತನದವರು. ಪಂಜಾಬಿನಿಂದ ಬಂದ ಅಜ್ಜಿಯರು, ನಮ್ಮ ಹಳ್ಳಿಯಿಂದ ಬಂದ ರೈತರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ತಲೆಗೆ ಕಟ್ಟಲು ಕರವಸ್ತ್ರ ಜೇಬಿನಲ್ಲಿರಲಿ.

ಹೊತ್ತು ಉಳಿದರೆ ನೌಬಾದಿನ ಕಾರೇಜ್ ತೋರಿಸುತ್ತೇನೆ. ಬಹಮನಿಯವರು ಇರಾನಿನ ಮಾದರಿಯಲ್ಲಿ ನೆಲದೊಳಗೆ ಕೊರೆಸಿದ ನೀರಿನ ಸುರಂಗ. ಮೇಲಿನಿಂದ ನೋಡಿದರೆ ಸಾಲು ಬಾವಿಗಳ ಹಾಗೆ ಕಾಣುತ್ತದೆ, ಒಳಗೆ ಎಲ್ಲವೂ ಒಂದಕ್ಕೊಂದು ಸೇರಿವೆ.

ತಿನ್ನುವುದಕ್ಕೆ ಚಿಂತೆ ಬೇಡ. ಬೆಳಿಗ್ಗೆ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಭಜಿ. ಸಂಜೆ ಹಳೆ ಊರಿನಲ್ಲಿ ಗಟ್ಟಿ ಹಾಲಿನ ಚಾ. 1948ರವರೆಗೆ ನಾವು ನಿಜಾಮನ ಕೆಳಗಿದ್ದವರು, ಹಾಗಾಗಿ ನಮ್ಮ ಚಾ, ನಮ್ಮ ಮಾತು, ನಮ್ಮ ಬಿರಿಯಾನಿ ಎಲ್ಲದರಲ್ಲೂ ಹೈದರಾಬಾದಿನ ರುಚಿ ಸ್ವಲ್ಪ ಇದೆ.

ನಿನ್ನ ಕೆಲಸದ ತಾರೀಖು ಒಂದಿಷ್ಟು ಹಿಂದೆ ಮುಂದೆ ಮಾಡಲು ಆಗುತ್ತದಾ ನೋಡು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ ಬಂದರೆ ನಮ್ಮ ಹೊಲಕ್ಕೇ ಕರೆದುಕೊಂಡು ಹೋಗುತ್ತೇನೆ. ಅವತ್ತು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ಜೋಳದ ದಂಟಿನ ಕೊಂಪೆ ಮಾಡಿ ಪೂಜೆ ಮಾಡುತ್ತೇವೆ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡಿಗೆ ಚೆಲ್ಲುತ್ತೇವೆ. ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಈ ಭಜ್ಜಿ ನೀವು ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕಡ್ಲಿ ಹಿಟ್ಟು ಕೂಡಿಸಿ ಕುದಿಸಿದ್ದು. ಅವ್ವ ಮಾಡುತ್ತಾಳೆ. ನೀನು ಬರುತ್ತೀ ಅಂತ ಹೇಳಿದಾಗಿನಿಂದ ಎಷ್ಟು ಜನ, ಎಷ್ಟು ದಿನ ಅಂತ ಕೇಳುತ್ತಿದ್ದಾಳೆ.

ಅಜ್ಜಿಯ ಪಾನದಾನ ಈಗ ಅವ್ವನ ಹತ್ತಿರ ಇದೆ. ದಿನಾ ಎಲೆ ಹಾಕುತ್ತಾಳೆ. ಒಣ ಬಟ್ಟೆಯಿಂದ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತಾಳೆ, ಅಷ್ಟೇ.

ಹೂದಾನಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಡು. ಬೀಳಿಸಬೇಡ, ಸತು ಜಾಸ್ತಿ ಇರುವುದರಿಂದ ಬಿದ್ದರೆ ಬಿರುಕು ಬಿಡಬಹುದು. ನೀನಾಗಿ ಏನೂ ಹಚ್ಚಿ ತಿಕ್ಕಲು ಹೋಗಬೇಡ. ಬಂದ ದಿನವೇ ಓಣಿಗೆ ಕೊಡೋಣ. ನಿನ್ನ ಮುಂದೆಯೇ ಕಪ್ಪು ಮಾಡಿ ಕೊಡುತ್ತಾರೆ, ನೀನು ಪಕ್ಕದಲ್ಲಿ ಕೂತು ನೋಡು.

ಯಾವ ರೈಲು ಅಂತ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ.

ನಿನ್ನ,
ಬೀದರಿನ ಗೆಳೆಯ