ಕವಚದ ಮೇಲೊಂದು ನಿಲುವಂಗಿ

ಕಾರವಾರ

ಪ್ರೀತಿಯ ತಂಗಿ,

ಮೋಟಾರು ಕವಚ ತೊಟ್ಟು ಮರುಭೂಮಿಯಲ್ಲಿ ನಡೆಯುವ ಸೈನಿಕನ ಬಗ್ಗೆ ನೀನು ಬರೆದ ಕಥೆ ಓದಿದೆ. ಅವನು ಕವಚದ ಮೇಲೆ ನಿಲುವಂಗಿ ತೊಟ್ಟಿದ್ದಾನೆ. ಶಿರಸಿಯ ಗೆಳೆಯರು "ಮೈತುಂಬ ಲೋಹದ ಕವಚ ಇದೆ, ಅದರ ಮೇಲೆ ಮತ್ತೆ ನಿಲುವಂಗಿ ಯಾಕೆ? ಸುಮ್ನೆ ಸಿನಿಮಾ ಸ್ಟೈಲು" ಅಂತ ನಕ್ಕರಂತೆ. ತೆಗೆದುಬಿಡಲಾ ಅಂತ ಕೇಳಿದ್ದೀಯ. ತೆಗೆಯಬೇಡ. ಆದರೆ ಈಗ ಆ ಬಟ್ಟೆ ಗಾಳಿಗೆ ಹಾರುವುದು ಬಿಟ್ಟರೆ ಏನೂ ಮಾಡುತ್ತಿಲ್ಲ. ಅದಕ್ಕೊಂದು ಕೆಲಸ ಕೊಡು. ಅದರಿಂದ ಅವನಿಗೊಂದು ತೊಂದರೆಯೂ ಆಗಲಿ.

ಕವಚದ ಮೇಲೆ ಬಟ್ಟೆ ತೊಡುವುದು ಹಳೇ ರೂಢಿ. 12ನೇ ಶತಮಾನದಲ್ಲಿ ಯುರೋಪಿನ ಯೋಧರು ಕಬ್ಬಿಣದ ಬಳೆ ಹೆಣೆದ ಅಂಗಿಯ ಮೇಲೆ ಉದ್ದನೆಯ ಬಟ್ಟೆ ಹಾಕಲು ಶುರು ಮಾಡಿದರು. ಬಿಸಿಲು ತಡೆಯಲು ಅಂತ ಕೆಲವರು, ಲಾಂಛನ ತೋರಿಸಲು ಅಂತ ಕೆಲವರು. ಆ ಜಗಳ ಇತಿಹಾಸಕಾರರಿಗಿರಲಿ.

ನೀನು ಬಿಸಿಲಿನಿಂದ ಶುರು ಮಾಡು. ಏಪ್ರಿಲ್ ಮಧ್ಯಾಹ್ನ ಇಲ್ಲಿಗೆ ಬಾ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯಲ್ಲಿ ಬಿಸಿಲಿಗೆ ಕಾದ ಕಂಬಿ ಹಿಡಿದು ನೋಡು. ನಿನ್ನ ಸೈನಿಕ ಅಂಥದ್ದನ್ನು ಮೈಗೆ ಸುತ್ತಿಕೊಂಡು ದಿನವಿಡೀ ನಡೆಯುತ್ತಾನೆ. ಮೇಲೊಂದು ಸಡಿಲ ಬಟ್ಟೆ ಇದ್ದರೆ ಬಿಸಿಲು ಮೊದಲು ಅದಕ್ಕೆ ತಾಗುತ್ತದೆ. ಬಟ್ಟೆಗೂ ಲೋಹಕ್ಕೂ ನಡುವೆ ಗಾಳಿ ಆಡಿದರೆ ಬಿಸಿ ಒಳಗೆ ಇಳಿಯುವ ಮೊದಲೇ ಹೊರಟುಹೋಗುತ್ತದೆ. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಅಂತ 1980ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಕಪ್ಪು ಬಟ್ಟೆ ಜಾಸ್ತಿ ಬಿಸಿ ಹೀರುತ್ತದೆ ನಿಜ. ಆದರೆ ಆ ಹೆಚ್ಚಿನ ಬಿಸಿ ಚರ್ಮದವರೆಗೆ ಬರುವುದೇ ಇಲ್ಲ. ಬಿಳಿ ತೊಟ್ಟರೂ ಕಪ್ಪು ತೊಟ್ಟರೂ ಮೈಗೆ ತಾಗುವ ಬಿಸಿ ಒಂದೇ. ಹಾಗಾಗಿ ನಿಲುವಂಗಿಯ ಕಪ್ಪು ಬಣ್ಣ ಇಟ್ಟುಕೋ. "ಮೈಗಂಟಿದ" ಅಂತ ಬರೆದಿದ್ದೀಯಲ್ಲ, ಅದನ್ನು ಮಾತ್ರ ಹೊಡೆದುಹಾಕು.

ಮರಳಿನ ಮಾತು ಬೇಗ ಮುಗಿಸುತ್ತೇನೆ. ಮರುಭೂಮಿಯ ಮರಳು ಬಹುಪಾಲು ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲು. ಮೋಸ್ ಗಡಸುತನದ ಅಳತೆಯಲ್ಲಿ ಅದು 7, ಮಾಮೂಲಿ ಗಾಜು ಸುಮಾರು 5.5; ಹೆಚ್ಚು ಅಂಕದ್ದು ಕಡಿಮೆ ಅಂಕದ್ದನ್ನು ಗೀರುತ್ತದೆ. ಹೆಲ್ಮೆಟ್ಟಿನ ಗಾಜು ಗೀರಿಹೋಗುತ್ತದೆ, ಮೊಣಕಾಲಿನ ಕೀಲು ಕಿರುಗುಡುತ್ತದೆ. ಮೇಲೆ ಬಟ್ಟೆ ಇದ್ದರೆ ಮರಳು ಮೊದಲು ಅದಕ್ಕೆ ಉಜ್ಜುತ್ತದೆ. ಹರಿದ ಬಟ್ಟೆಗೆ ತೇಪೆ ಹಾಕಬಹುದು, ಕೀಲಿಗೆ ಆಗಲ್ಲ. ಲೋಹದ ಹೊಳಪು ದೂರಕ್ಕೆ ಕಾಣದ ಹಾಗೆ ಮುಚ್ಚುವುದಂತೂ ಎಲ್ಲರಿಗೂ ಹೊಳೆಯುವ ಕಾರಣ.

ನನಗೆ ಕಥೆ ಕಾಣುವುದು ರಾತ್ರಿಯಲ್ಲಿ. ಮರುಭೂಮಿಯ ನೆಲ ಹೊತ್ತು ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ. ಮೋಟಾರು, ಬ್ಯಾಟರಿ, ಒಳಗೊಬ್ಬ ಮನುಷ್ಯ ಇರುವ ಕವಚ ತಣ್ಣಗಾಗುವುದಿಲ್ಲ. ಶತ್ರುವಿನ ಶಾಖ ಹಿಡಿಯುವ ಕ್ಯಾಮೆರಾದಲ್ಲಿ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಮೇಲೆ ಬಟ್ಟೆ ಎಳೆದುಕೊಂಡರೆ ಸ್ವಲ್ಪ ಹೊತ್ತು ಮರೆ ಸಿಗುತ್ತದೆ, ಸ್ವಲ್ಪ ಹೊತ್ತು ಮಾತ್ರ. ಶಾಖ ಎಲ್ಲಿಗೆ ಹೋಗಬೇಕು ಹೇಳು? ನಿನ್ನ ಕವಚದ ಬೆನ್ನಿನಲ್ಲಿ ಬಿಸಿಗಾಳಿ ಹೊರಹಾಕುವ ಕಿಂಡಿ ಇದೆ ಅಂತ ನೀನೇ ಬರೆದಿದ್ದೀಯ. ಅದನ್ನು ಮುಚ್ಚಿದರೆ ಒಳಗಿದ್ದವನು ಬೇಯುತ್ತಾನೆ. ತೆರೆದರೆ ಕಾಣಿಸಿಕೊಳ್ಳುತ್ತಾನೆ. ಬಟ್ಟೆಯ ತುದಿ ಹಿಡಿದ ಆ ಕೈ ಏನು ಮಾಡುತ್ತದೆ? ನೀನು ಮೂರು ಪುಟ ಗುಂಡಿನ ಸದ್ದು ತುಂಬಿಸಿದ್ದೀಯ. ನನಗೆ ಈ ಕೈ ಸಾಕಿತ್ತು.

ಒಳಗಿನ ಬೆವರನ್ನು ಮರೆಯಬೇಡ. ಬಯಲಿನಲ್ಲಿ ಒಣಗಾಳಿ ಬೆವರನ್ನು ಕೂಡಲೇ ಆರಿಸುತ್ತದೆ, ಮೈಮೇಲೆ ಉಪ್ಪು ಉಳಿಯುತ್ತದೆ. ಮುಚ್ಚಿದ ಕವಚದಲ್ಲಿ ಅದು ಆರುವುದಿಲ್ಲ. ಹೊರಗೆ ಮರುಭೂಮಿ ಇರಬಹುದು, ಅವನ ಪಾಲಿಗೆ ಒಳಗಿರುವುದು ಕಾರವಾರದ ಮೇ ತಿಂಗಳೇ. ಕರಾವಳಿ ಜಿಲ್ಲೆಯವಳು ನೀನು, ಇದನ್ನು ಯಾರೂ ನಿನಗೆ ಹೇಳಿಕೊಡಬೇಕಿಲ್ಲ.

ಬಟ್ಟೆ ಹೊತ್ತು ಕೆಲಸ ಮಾಡುವುದು ಹೇಗಿರುತ್ತದೆ ಅಂತ ನಿಮ್ಮ ಕಡೆಯ ಹಿರಿಯರನ್ನು ಕೇಳು. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಗೆ ಹೋಗುತ್ತಿದ್ದವರು ಇನ್ನೂ ಇದ್ದಾರೆ. ನೆನೆದ ಮೇಲೆ ಎಷ್ಟು ಭಾರ, ಬೇಲಿ ದಾಟುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಪಕ್ಕಕ್ಕೆ ನೋಡಬೇಕಾದರೆ ಮೈಯನ್ನೇ ತಿರುಗಿಸಬೇಕಾ, ಇದೆಲ್ಲ ಅವರಿಗೆ ಗೊತ್ತು. ನಿನ್ನ ಸೈನಿಕನಿಗೂ ಗೊತ್ತಿರಬೇಕು, ಅಲ್ವಾ?

ಇಷ್ಟು ಓದಿ ಎಲ್ಲವನ್ನೂ ಕಥೆಗೆ ತುರುಕಬೇಡ. ಒಂದು ಕಾರಣ ಆರಿಸಿಕೋ. ಎರಡನೇ ಪುಟದಲ್ಲಿ ಕಮಾಂಡರ್ ನಿಂತು ನಿಲುವಂಗಿಯ ಮಹತ್ವ ವಿವರಿಸುತ್ತಾನಲ್ಲ, ಆ ಭಾಷಣ ಪೂರ್ತಿ ತೆಗೆ. ಬೆನ್ನಿನ ಕಿಂಡಿಯ ಹತ್ತಿರ ಬಟ್ಟೆ ಸುಟ್ಟು ಕಂದಾಗಿದೆ, ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಾರೆ ಅಂತ ತೋರಿಸು. ಓದುವವರು ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಕೊನೆಯ ಕಾಳಗದಲ್ಲಿ ನಿಲುವಂಗಿಯ ಸುದ್ದಿಯೇ ಇಲ್ಲ. ಬಿಚ್ಚಿಟ್ಟನೋ, ಹರಿದುಹೋಯಿತೋ, ಯಾರಿಗಾದರೂ ಹೊದಿಸಿ ಬಂದನೋ? ತಿದ್ದಿ ಕಳಿಸುವಾಗ ಅದನ್ನು ಬರೆ.

ನಿನ್ನ
ಅಣ್ಣ